ಕಾರ್ನಿಷ್‌ನಲ್ಲಿ ‘ಬಾ’, ‘ಬನ್ನಿ’, ‘ಬೇಡ’, ‘ಹೋಗೋಣ’ ಹೇಳುವುದು ಹೇಗೆ?

ಕಾರ್ನಿಷ್ ಕಲಿಯಲು ಶುರು ಮಾಡಿದ ಕನ್ನಡಿಗರು ನನ್ನನ್ನು ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ. ‘ನಮಸ್ಕಾರ, ಥ್ಯಾಂಕ್ಸ್, ನನ್ನ ಹೆಸರು ಇಂಥದ್ದು ಅನ್ನೋದೆಲ್ಲ ಬಂತು. ಆದರೆ ಬಾ, ಕೂತ್ಕೊ, ಮರೀಬೇಡ, ಹೋಗೋಣ್ವಾ ಅನ್ನೋದು ಹೇಗೆ?’ ಒಬ್ಬೊಬ್ಬರಿಗೂ ಬೇರೆ ಬೇರೆ ಉತ್ತರ ಬರೆಯುವ ಬದಲು ಎಲ್ಲವನ್ನೂ ಇಲ್ಲಿ ಒಟ್ಟಿಗೆ ಬರೆದಿದ್ದೇನೆ. ಕೇಳಬೇಕಾದ ಪ್ರಶ್ನೆಯೇ ಇದು. ಮನೆಯಲ್ಲಿ ಮಗುವಿನ ಜೊತೆ ಆಡುವ ಮೊದಲ ಮಾತುಗಳು ಬಾ, ತಿನ್ನು, ಬಿಡು, ಜೋಪಾನ ಅಲ್ವಾ? ಒಂದು ಭಾಷೆ ಮನೆಯೊಳಗೆ ಕಾಲಿಡುವುದು ಇವುಗಳಿಂದಲೇ.

ಹೊಸಬರಿಗಾಗಿ ಎರಡು ಮಾತು. ಕಾರ್ನಿಷ್ ಇಂಗ್ಲೆಂಡಿನ ನೈಋತ್ಯ ತುದಿಯಲ್ಲಿರುವ ಕಾರ್ನ್‌ವಾಲ್‌ನ ಭಾಷೆ. ಆ ಭಾಷೆಯಲ್ಲೇ ಅದರ ಹೆಸರು ಕೆರ್ನೆವೆಕ್, ನಾಡಿನ ಹೆಸರು ಕೆರ್ನೋ. ಇಂಗ್ಲಿಷಿಗೆ ಇದು ಹತ್ತಿರದ ನೆಂಟನಲ್ಲ. ವೆಲ್ಷ್ ಮತ್ತು ಬ್ರೆಟನ್ ಭಾಷೆಗಳು ಇದರ ಒಡಹುಟ್ಟಿದವು. ಮೌಜಲ್ ಎಂಬ ಮೀನುಗಾರರ ಹಳ್ಳಿಯ ಡಾಲಿ ಪೆಂಟ್ರೀತ್ 1777ರಲ್ಲಿ ತೀರಿಕೊಂಡರು. ಹುಟ್ಟಿನಿಂದ ಈ ಭಾಷೆ ಆಡಿದ ಕೊನೆಯವರು ಅವರೇ ಎಂದು ಜನ ಹೇಳಿಕೊಂಡು ಬಂದಿದ್ದಾರೆ. 1904ರಲ್ಲಿ ಹೆನ್ರಿ ಜೆನರ್ ಕಲಿಕೆಯ ಕೈಪಿಡಿ ಬರೆದ ಮೇಲೆ ಭಾಷೆಗೆ ಮತ್ತೆ ಜೀವ ಬಂತು. ಅಳಿದುಹೋಗಿದೆ ಎಂದು ಪಟ್ಟಿ ಮಾಡಿದ್ದ ಯುನೆಸ್ಕೋ 2010ರಲ್ಲಿ ಆ ಮಾತನ್ನು ತಿದ್ದಿಕೊಂಡಿತು. 2011ರ ಜನಗಣತಿಯಲ್ಲಿ 557 ಜನ ಇದೇ ತಮ್ಮ ಮುಖ್ಯ ಭಾಷೆ ಎಂದು ಬರೆಸಿದರು. ನಮಗೂ ಆ ನಾಡಿಗೂ ಹಳೆಯ ನಂಟೊಂದಿದೆ: ಕೋಲಾರದ ಚಿನ್ನದ ಗಣಿಗೆ ಜಾನ್ ಟೇಲರ್ ಕಂಪನಿಯ ಕಾಲದಲ್ಲಿ ಬಂದ ಗಣಿಗಾರರಲ್ಲಿ ಕಾರ್ನ್‌ವಾಲ್‌ನವರೂ ಇದ್ದರು. ಅಷ್ಟು ಹೊತ್ತಿಗೆ ಅವರ ಮನೆಮಾತು ಇಂಗ್ಲಿಷ್ ಆಗಿಹೋಗಿತ್ತು.

ಶುರು ಮಾಡುವ ಮೊದಲು ಒಂದು ಸಲಹೆ. ಈ ಪಾಠದ ಮಟ್ಟಿಗೆ ಇಂಗ್ಲಿಷನ್ನು ಪಕ್ಕಕ್ಕಿಡಿ, ಕನ್ನಡದಿಂದ ನೇರವಾಗಿ ಹೋಗಿ. ಇಂಗ್ಲಿಷಿನಲ್ಲಿ ‘ನೋಡು’ ಮತ್ತು ‘ನೋಡಿ’ ಎರಡಕ್ಕೂ ಒಂದೇ ರೂಪ. ‘ನೋಡೋಣ’ ಅನ್ನಲು ಒಂದೇ ಪದದ ರೂಪವೇ ಇಲ್ಲ. ಕಾರ್ನಿಷ್‌ನಲ್ಲಿ ನೋಡು, ನೋಡಿ, ನೋಡೋಣ, ನೋಡಲಿ ಇವಿಷ್ಟಕ್ಕೂ ಕನ್ನಡದ ಹಾಗೆಯೇ ಬೇರೆ ಬೇರೆ ರೂಪ ಇವೆ. ಇಂಗ್ಲಿಷಿನ ಮೂಲಕ ಹೋದವರು ಕಷ್ಟಪಟ್ಟು ಕಲಿಯುವುದು ನಿಮ್ಮ ನಾಲಿಗೆಯಲ್ಲಿ ಆಗಲೇ ಇದೆ.

ಏನೇನು ಬೇಕು?

ಒಂದು ನೋಟ್‌ಬುಕ್. ಅಕಾಡೆಮಿ ಕೆರ್ನೆವೆಕ್ ನಡೆಸುವ ಆನ್‌ಲೈನ್ ನಿಘಂಟು, ಅದು ಉಚಿತ. ಕಿವಿಗೆ ಹಾಕಿಕೊಳ್ಳಲು ಯಾವುದಾದರೂ ಕಾರ್ನಿಷ್ ಧ್ವನಿಮುದ್ರಣ. ದಿನಕ್ಕೆ ಕಾಲು ಗಂಟೆ. ಇಷ್ಟು ಸಾಕು.

ಕಾಗುಣಿತದ ಬಗ್ಗೆ ಎಚ್ಚರ ಇರಲಿ. ಭಾಷೆಯನ್ನು ಮತ್ತೆ ಕಟ್ಟುವಾಗ ಒಬ್ಬೊಬ್ಬ ವಿದ್ವಾಂಸರು ಒಂದೊಂದು ಕಾಗುಣಿತ ಮಾಡಿದರು. 2008ರಲ್ಲಿ ಎಲ್ಲರೂ ಕೂತು ಒಂದು ಪ್ರಮಾಣ ಬರಹಕ್ಕೆ ಒಪ್ಪಿಕೊಂಡರು. ಹಳೆಯ ಪುಸ್ತಕದಲ್ಲಿ ಒಂದು ಥರ, ನಿಘಂಟಿನಲ್ಲಿ ಇನ್ನೊಂದು ಥರ ಕಂಡರೆ ಗಾಬರಿಯಾಗಬೇಡಿ. ಕಲಿಯುವಾಗ 2008ರ ಬರಹವನ್ನೇ ಹಿಡಿಯಿರಿ, ಎರಡನ್ನು ಬೆರೆಸಬೇಡಿ.

ಹಂತ 1: ಉಚ್ಚಾರಣೆಯ ನಾಲ್ಕು ಗುಟ್ಟು

ಇಲ್ಲಿ ಎಲ್ಲವನ್ನೂ ಕನ್ನಡ ಲಿಪಿಯಲ್ಲಿ ಬರೆದಿದ್ದೇನೆ. ‘ಡ’ ಕಂಡಲ್ಲಿ ಇಂಗ್ಲಿಷಿನ ಡೋರ್ ಪದದ ಡ. ‘ದ’ ಕಂಡಲ್ಲಿ ನಾಲಿಗೆ ಹಲ್ಲಿಗೆ ಮೆತ್ತಗೆ ತಾಗಿ ಗಾಳಿ ಜಾರುವ ದ. ಇವೆರಡರ ವ್ಯತ್ಯಾಸ ಮುಂದೆ ತುಂಬಾ ಮುಖ್ಯವಾಗುತ್ತದೆ.

ಬಹುವಚನದ ಕೊನೆಗೆ ‘ಎವ್ಹ್’ ಎಂಬ ತುಣುಕು ಬರುತ್ತದೆ. ರೋಮನ್ ಲಿಪಿಯಲ್ಲಿ ಇದು ಇ, ಡಬ್ಲ್ಯೂ, ಜಿ, ಎಚ್. ಕೊನೆಯ ಹ್ ಗಂಟಲಿನಿಂದ ಬರುವ ಉಸಿರು. ಚಳಿಯಲ್ಲಿ ಕನ್ನಡಿಯ ಮೇಲೆ ಹಾ ಎಂದು ಊದುತ್ತೇವಲ್ಲ, ಅದಕ್ಕಿಂತ ಒಂದು ಚೂರು ಒರಟು. ಅಂಗೈಯನ್ನು ಬಾಯಿಯ ಮುಂದಿಟ್ಟು ಹೇಳಿ ನೋಡಿ. ಪದದ ಕೊನೆಗೆ ಅಂಗೈ ಬೆಚ್ಚಗಾದರೆ ಸರಿ ಬಂತು ಅಂತ ಅರ್ಥ.

ಡೇಸ್, ಡೇನ್ ಎಂಬ ಪದಗಳಲ್ಲಿ ‘ಏ’ ಅನ್ನುತ್ತಾ ತುಟಿಯನ್ನು ಗುಂಡಗೆ ಮಾಡಬೇಕು. ಆಗದಿದ್ದರೆ ಬರೀ ಏ ಅನ್ನಿ. ಹಾಗೆ ಹೇಳುವ ಕಾರ್ನಿಷ್ ಮಾತುಗಾರರೂ ಇದ್ದಾರೆ.

ಒತ್ತು ಸಾಮಾನ್ಯವಾಗಿ ಕೊನೆಯಿಂದ ಎರಡನೆಯ ಉಚ್ಚಾರಾಂಶದ ಮೇಲೆ ಬೀಳುತ್ತದೆ. ಕೆರ್‌-ನೆ-ವೆಕ್ ಅನ್ನುವಾಗ ‘ನೆ’ ಜೋರು.

ಹಂತ 2: ‘ನೀನು’ ಎನ್ನುವವರಿಗೆ ಬರೀ ಧಾತು

ಕನ್ನಡದಲ್ಲಿ ನೋಡುವುದು, ನೋಡುತ್ತೇನೆ, ನೋಡಿದ ಇವೆಲ್ಲದರ ಬುಡ ‘ನೋಡು’. ಅದೇ ಅಪ್ಪಣೆಯ ರೂಪ ಕೂಡ. ಕಾರ್ನಿಷ್‌ನಲ್ಲೂ ಹಾಗೆಯೇ. ನಿಘಂಟಿನಲ್ಲಿ ಕ್ರಿಯಾಪದ ‘ನೋಡುವುದು’ ಎಂಬ ರೂಪದಲ್ಲಿರುತ್ತದೆ. ಇದನ್ನು ಕ್ರಿಯಾನಾಮ ಎನ್ನೋಣ, ಅಂದರೆ ಕೆಲಸದ ಹೆಸರು. ಅದರ ಬಾಲ ಕತ್ತರಿಸಿದರೆ ಅಪ್ಪಣೆ ಸಿಗುತ್ತದೆ.

ಮಿರೆಸ್ (ನೋಡುವುದು) – ಮೀರ್! (ನೋಡು!)
ಎವ (ಕುಡಿಯುವುದು) – ಏವ್! (ಕುಡಿ!)
ಸ್ಕ್ರಿಫ (ಬರೆಯುವುದು) – ಸ್ಕ್ರೀಫ್! (ಬರೆ!)
ಸಿನ್ಸಿ (ಹಿಡಿಯುವುದು) – ಸಿನ್ಸ್! (ಹಿಡಿ!)
ಗೊಸ್ಲೋವೆಸ್ (ಕಿವಿಗೊಡುವುದು) – ಗೊಸ್ಲೋ! (ಕೇಳು!)
ಎಸೆದ (ಕೂರುವುದು) – ಎಸೆದ್! (ಕೂತ್ಕೊ!)

ಬಾಲ ಅ, ಎಸ್, ಇ, ಎಲ್ ಹೀಗೆ ಬೇರೆ ಬೇರೆ ಇರಬಹುದು. ಹೊಸ ಕ್ರಿಯಾಪದ ಬರೆದುಕೊಳ್ಳುವಾಗ ಅಪ್ಪಣೆಯ ರೂಪವನ್ನೂ ಪಕ್ಕದಲ್ಲೇ ಬರೆದುಕೊಳ್ಳಿ. ಆಮೇಲೆ ಬರೆದರಾಯಿತು ಎಂದು ಬಿಟ್ಟರೆ ಅದು ಬರುವುದೇ ಇಲ್ಲ.

ಹಂತ 3: ‘ನೀವು’ ಎನ್ನುವವರಿಗೆ ಎವ್ಹ್ ಸೇರಿಸಿ

ನೋಡು, ನೋಡಿ. ಮೀರ್, ಮಿರೆವ್ಹ್. ಕನ್ನಡದ ಕೊನೆಯ ಇ ಮಾಡುವ ಕೆಲಸವನ್ನೇ ಅಲ್ಲಿ ಎವ್ಹ್ ಮಾಡುತ್ತದೆ. ಎವೆವ್ಹ್ (ಕುಡಿಯಿರಿ), ಸ್ಕ್ರಿಫೆವ್ಹ್ (ಬರೆಯಿರಿ), ಗೊಸ್ಲೊವೆವ್ಹ್ (ಕೇಳಿ), ಎಸೆದೆವ್ಹ್ (ಕೂತ್ಕೊಳ್ಳಿ).

ಯಾರಿಗೆ ಯಾವುದು? ಕಾರ್ನಿಷ್‌ನಲ್ಲಿ ‘ನೀನು’ ಅನ್ನಲು ಟೀ, ‘ನೀವು’ ಅನ್ನಲು ಹ್ವೀ. ಒಬ್ಬರಿಗಿಂತ ಹೆಚ್ಚು ಜನ ಇದ್ದರಂತೂ ಹ್ವೀ ರೂಪವೇ. ಒಬ್ಬರೇ ಇದ್ದು, ಗೌರವ ತೋರಿಸಬೇಕು ಅನಿಸಿದರೂ ಹ್ವೀ ನಡೆಯುತ್ತದೆ. ಹಳೆಯ ನಾಟಕಗಳಲ್ಲೇ ಈ ಬಳಕೆ ಇದೆ. ಕನ್ನಡಿಗರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಒಂದೇ ಒಂದು ಸೂಚನೆ: ಇಂದಿನ ಕಲಿಯುವ ಗುಂಪುಗಳಲ್ಲಿ ಗೆಳೆತನ ಬೇಗ ಬೆಳೆಯುತ್ತದೆ, ಟೀ ಜಾಸ್ತಿ ಕೇಳಿಬರುತ್ತದೆ. ನಮ್ಮ ಕಡೆ ಹಿರಿಯರಿಗೆ ಬಳಸುವಷ್ಟು ಹ್ವೀ ಅಲ್ಲಿ ನಿರೀಕ್ಷಿಸಬೇಡಿ. ನಿಮ್ಮನ್ನು ಟೀ ಅಂದರೆ ಅದು ಅಗೌರವ ಅಲ್ಲ.

ಇಲ್ಲೊಂದು ತಿರುವಿದೆ. ಧಾತುವಿನಲ್ಲಿ ಅ ಅಥವಾ ಔ ಇದ್ದರೆ, ಎವ್ಹ್ ಸೇರುವಾಗ ಅದು ಎ ಕಡೆಗೆ ವಾಲುವುದು ಉಂಟು. ಮುಂದೆ ಬರುವ ಸ್ವರ ಹಿಂದಿನದನ್ನು ತನ್ನ ಕಡೆ ಎಳೆದುಕೊಳ್ಳುತ್ತದೆ.

ಕಾನ್! (ಹಾಡು!) – ಕೆನೆವ್ಹ್! (ಹಾಡಿ!)
ಲವರ್! (ಹೇಳು!) – ಲೆವೆರೆವ್ಹ್! (ಹೇಳಿ!)
ಕೌಸ್! (ಮಾತಾಡು!) – ಕೆವ್ಸೆವ್ಹ್! (ಮಾತಾಡಿ!)
ಗಾಸ್! (ಬಿಡು!) – ಗೆಸೆವ್ಹ್! (ಬಿಡಿ!)

ಈ ನಾಲ್ಕನ್ನು ಬಾಯಿಪಾಠ ಮಾಡಿದರೆ ಉಳಿದವು ಕಿವಿಗೇ ಹೊಂದಿಕೊಳ್ಳುತ್ತವೆ.

ಹಂತ 4: ನಿಯಮ ಕೇಳದ ದಿನಬಳಕೆಯ ಪದಗಳು

ಬರು ಎಂಬ ಧಾತುವಿಗೆ ನಾವು ‘ಬರು!’ ಅನ್ನುವುದಿಲ್ಲ, ‘ಬಾ!’ ಅನ್ನುತ್ತೇವೆ. ತರು, ತಾ, ತನ್ನಿ. ಹೆಚ್ಚು ಬಳಸಿದ ಪದ ಸವೆದು ಬೇರೆಯದೇ ಆಕಾರ ಪಡೆಯುವುದು ಎಲ್ಲ ಭಾಷೆಯಲ್ಲೂ ಇದ್ದದ್ದೇ. ಕಾರ್ನಿಷ್‌ನಲ್ಲಿ ಮೊದಲು ಕಲಿಯಬೇಕಾದವು ಇವು:

ಡೋಸ್ (ಬರುವುದು): ಡೇಸ್! (ಬಾ!), ಡೆವ್ಹ್! (ಬನ್ನಿ!)
ಮೋಸ್ (ಹೋಗುವುದು): ಕೇ! (ಹೋಗು!), ಕೆವ್ಹ್! (ಹೋಗಿ!)
ಗೀಲ್ (ಮಾಡುವುದು): ಗ್ವ್ರಾ! (ಮಾಡು!), ಗ್ವ್ರೆವ್ಹ್! (ಮಾಡಿ!)
ಬೋಸ್ (ಇರುವುದು): ಬೀದ್! (ಇರು!), ಬೆದೆವ್ಹ್! (ಇರಿ!)
ರೀ (ಕೊಡುವುದು): ರೋ! (ಕೊಡು!), ರೆವ್ಹ್! (ಕೊಡಿ!)
ಕೆಮೆರೆಸ್ (ತಗೊಳ್ಳುವುದು): ಕೆಮ್ಮೆರ್! (ತಗೊ!), ಕೆಮೆರೆವ್ಹ್! (ತಗೊಳ್ಳಿ!)
ಗೊರ್ಟೊಸ್ (ಕಾಯುವುದು): ಗೊರ್ಟ! (ತಡಿ!), ಗೊರ್ಟೆವ್ಹ್! (ತಡೀರಿ!)

ಬಿಡಿಬಿಡಿಯಾಗಿ ಕಲಿಯಬೇಡಿ, ಪುಟ್ಟ ವಾಕ್ಯದಲ್ಲಿ ಕಲಿಯಿರಿ. ‘ಡೇಸ್ ಒಮ್ಮ’ ಅಂದರೆ ಇಲ್ಲಿ ಬಾ. ‘ಕೇ ದೆ-ವೇಸ್’ ಅಂದರೆ ಆಚೆ ಹೋಗು. ಇದು ಗದರುವ ಮಾತು, ನೋಡಿಕೊಂಡು ಬಳಸಿ. ‘ರೋ ದಿಮ್ ಅನ್ ಲಿವೆರ್’ ಅಂದರೆ ನನಗೆ ಪುಸ್ತಕ ಕೊಡು. ಇದರಲ್ಲಿ ‘ದಿಮ್’ ನನಗೆ. ಹಾಗೆಯೇ ದೀಸ್ ನಿನಗೆ, ದಿನ್ ನಮಗೆ, ದಿವ್ಹ್ ನಿಮಗೆ. ನಮ್ಮ ಗೆ-ಪ್ರತ್ಯಯ ಮಾಡುವ ಕೆಲಸವನ್ನು ಇವು ಮಾಡುತ್ತವೆ. ಹಂತ 8ರಲ್ಲಿ ಮತ್ತೆ ಬೇಕಾಗುತ್ತವೆ, ಗುರುತು ಹಾಕಿಕೊಳ್ಳಿ. ‘ಇಗೊರ್ ಅನ್ ಡಾರಸ್’ ಅಂದರೆ ಬಾಗಿಲು ತೆಗೆ. ಇದನ್ನು ಚೀಟಿಯಲ್ಲಿ ಬರೆದು ನಮ್ಮ ಮನೆಯ ಬಾಗಿಲಿಗೇ ಅಂಟಿಸಿದ್ದೆ. ದಿನಕ್ಕೆ ಹತ್ತು ಸಲ ಕಣ್ಣಿಗೆ ಬಿದ್ದರೆ ಪದ ತಾನಾಗಿ ಕೂರುತ್ತದೆ.

ಹಂತ 5: ಧಾತು ಗೊತ್ತಿಲ್ಲದಿದ್ದರೆ ‘ಗ್ವ್ರಾ’ ಬಳಸಿ

ಮಾತಿನ ಮಧ್ಯೆ ಅಪ್ಪಣೆಯ ರೂಪ ನೆನಪಾಗದಿದ್ದರೆ ನಿಲ್ಲಬೇಡಿ. ಗ್ವ್ರಾ (ಮಾಡು) ಹೇಳಿ, ಅದರ ಮುಂದೆ ಕ್ರಿಯಾನಾಮವನ್ನು ಹಾಗೇ ಇಡಿ. ‘ಗ್ವ್ರಾ ಮಿರೆಸ್’ ಅಂದರೂ ನೋಡು, ‘ಮೀರ್’ ಅಂದರೂ ನೋಡು. ನೀವು ಎನ್ನುವವರಿಗೆ ‘ಗ್ವ್ರೆವ್ಹ್ ಮಿರೆಸ್’. ನಾವು ‘ಫೋನ್ ಮಾಡು’, ‘ಟೈಪ್ ಮಾಡು’ ಅನ್ನುವುದಿಲ್ಲವೇ, ಅದೇ ಥರ. ಇದು ಕಲಿಯುವವರ ಅಡ್ಡದಾರಿ ಅಲ್ಲ, ಭಾಷೆಯಲ್ಲೇ ಇರುವ ರೂಢಿ. ಸಂಕೋಚ ಬೇಡ.

ಹಂತ 6: ‘ಬೇಡ’ ಹೇಳುವುದು

ಎಲ್ಲರೂ ಎಡವುವ ಜಾಗ ಇದು. ನಿಧಾನವಾಗಿ ಹೋಗೋಣ.

ಸುಲಭದ ದಾರಿ: ‘ನ ವ್ರಾ’ ಹೇಳಿ, ಕ್ರಿಯಾನಾಮ ಸೇರಿಸಿ. ‘ನ ವ್ರಾ ಮಿರೆಸ್’ ಅಂದರೆ ನೋಡಬೇಡ. ‘ನ ವ್ರಾ ಅನ್‌ಕೆವಿ’ ಅಂದರೆ ಮರೀಬೇಡ. ‘ನ ವ್ರಾ ಲಾಡ್ರ’ ಅಂದರೆ ಕದಿಯಬೇಡ. ನೀವು ಎನ್ನುವವರಿಗೆ ‘ನ ವ್ರೆವ್ಹ್’. ನೋಡಬೇಡ, ನೋಡಬೇಡಿ, ನ ವ್ರಾ ಮಿರೆಸ್, ನ ವ್ರೆವ್ಹ್ ಮಿರೆಸ್. ಕನ್ನಡದಲ್ಲಿ ಬದಲಾಗುವುದು ಬೇಡ–ಬೇಡಿ ಮಾತ್ರ, ‘ನೋಡ’ ಹಾಗೇ ಉಳಿಯುತ್ತದೆ. ಇಲ್ಲೂ ಅಷ್ಟೇ.

ಗಮನಿಸಿದಿರಾ? ಗ್ವ್ರಾ ಇದ್ದದ್ದು ವ್ರಾ ಆಯಿತು. ಗ ಎಲ್ಲಿ ಹೋಯಿತು?

ಕಾರ್ನಿಷ್‌ನಲ್ಲಿ ಕೆಲವು ಸಣ್ಣ ಪದಗಳು ತಮ್ಮ ಮುಂದೆ ಬರುವ ಪದದ ಮೊದಲ ವ್ಯಂಜನವನ್ನು ಮೆತ್ತಗೆ ಮಾಡುತ್ತವೆ. ಇದಕ್ಕೆ ಮೃದು ಮಾರ್ಪಾಡು ಎನ್ನೋಣ. ಇಂಗ್ಲಿಷ್ ಬಲ್ಲ ಕಲಿಯುವವರು ಇದನ್ನು ಕಂಡು ಬೆಚ್ಚುತ್ತಾರೆ. ನಾವು ಬೆಚ್ಚಬೇಕಿಲ್ಲ, ಹೈಸ್ಕೂಲಿನ ಆದೇಶ ಸಂಧಿ ನೆನಪು ಮಾಡಿಕೊಳ್ಳಿ. ಮಳೆ, ಕಾಲ ಸೇರಿ ಮಳೆಗಾಲ. ಬೆಟ್ಟ, ತಾವರೆ ಸೇರಿ ಬೆಟ್ಟದಾವರೆ. ಕಣ್, ಪನಿ ಸೇರಿ ಕಂಬನಿ. ಮೆಲ್, ಮಾತು ಸೇರಿ ಮೆಲ್ವಾತು. ಕ ಹೋಗಿ ಗ, ತ ಹೋಗಿ ದ, ಪ ಹೋಗಿ ಬ, ಮ ಹೋಗಿ ವ. ಕಾರ್ನಿಷ್‌ನ ಮೃದು ಮಾರ್ಪಾಡು ಹೆಚ್ಚುಕಡಿಮೆ ಇದೇ ದಾರಿಯಲ್ಲಿ ನಡೆಯುತ್ತದೆ. ಎರಡೂ ಭಾಷೆಗೆ ನೆಂಟಸ್ತಿಕೆ ಏನೂ ಇಲ್ಲ. ಆದರೂ ಮನುಷ್ಯರ ಬಾಯಿ ಒಂದೇ ಥರ ದಣಿಯುತ್ತದೆ ಅನ್ನುವುದು ನನಗೆ ಪ್ರತಿ ಸಲವೂ ಖುಷಿ ಕೊಡುವ ವಿಷಯ.

ಕ – ಗ: ಕೌಸ್ (ಮಾತಾಡು), ನ ಗೌಸ್ (ಮಾತಾಡಬೇಡ)
ಪ – ಬ: ಪೋರ್ಥ್ (ಹೊರು, ತಾಳು), ನ ಬೋರ್ಥ್
ಟ – ಡ: ಟೊರ್ (ಮುರಿ), ನ ಡೊರ್ (ಮುರೀಬೇಡ)
ಮ – ವ: ಮೀರ್ (ನೋಡು), ನ ವೀರ್ (ನೋಡಬೇಡ)
ಬ – ವ: ಬೀದ್ (ಇರು), ನ ವೀದ್ (ಇರಬೇಡ)
ಡ – ದ: ಡೆಬೆರ್ (ತಿನ್ನು), ನ ದೆಬೆರ್ (ತಿನ್ನಬೇಡ)
ಗ್ವ – ವ: ಗ್ವ್ರಾ, ನ ವ್ರಾ

ಡ ಮತ್ತು ದ ಬಗ್ಗೆ ಮೊದಲೇ ಎಚ್ಚರಿಸಿದ್ದು ಇದಕ್ಕೇ. ಈ ಪಟ್ಟಿಯಲ್ಲಿರುವ ನೇರ ದಾರಿಯಲ್ಲಿ ವ್ರಾ ಬೇಕಿಲ್ಲ, ‘ನ’ ಮುಂದೆ ಅಪ್ಪಣೆಯ ರೂಪವೇ ಬರುತ್ತದೆ. ಎರಡೂ ಸರಿ. ಹೊಸಬರು ನ ವ್ರಾ ದಾರಿಯಲ್ಲಿ ಹೋಗಲಿ ಅನ್ನುವುದು ನನ್ನ ಅಭಿಪ್ರಾಯ. ಆದರೆ ಒಂದು ಮಾತನ್ನು ನೇರ ರೂಪದಲ್ಲೇ ಕಲಿಯಿರಿ: ‘ನ ಬೋರ್ಥ್ ಔನ್’. ಔನ್ ಅಂದರೆ ಭಯ, ಪೂರ್ತಿ ಮಾತಿನ ಅರ್ಥ ಹೆದರಬೇಡ. ಹಳೆಯ ನಾಟಕಗಳಿಂದ ಇಂದಿನವರೆಗೂ ಬಾಳಿ ಬಂದ ಮಾತು ಇದು. ಹಲವರಿಗೆ ಹೇಳುವಾಗ ‘ನ ಬೆರ್ಥೆವ್ಹ್ ಔನ್’. ‘ನ ಬೋರ್ಥ್ ಅವ್‌ಹೆರ್’ ಅಂದರೆ ಚಿಂತೆ ಮಾಡಬೇಡ.

ಈಗ ದೊಡ್ಡ ತಪ್ಪಿನ ವಿಷಯ. ಮೃದು ಮಾರ್ಪಾಡು ಕಲಿತ ಹುಮ್ಮಸ್ಸಿನಲ್ಲಿ ಕಂಡಕಂಡಲ್ಲಿ ಮೆತ್ತಗೆ ಮಾಡಬೇಡಿ. ಶುರುವಿನಲ್ಲಿ ನಾನೊಮ್ಮೆ ‘ನ ವ್ರಾ ವಿರೆಸ್’ ಎಂದು ಬರೆದಿದ್ದೆ. ತಿದ್ದಿದ ಮೇಷ್ಟ್ರು ಎರಡನೆಯ ವ ಸುತ್ತ ಕೆಂಪು ಸುನ್ನೆ ಹಾಕಿ, ‘ನ’ದ ಕೈ ಪಕ್ಕದ ಪದಕ್ಕಷ್ಟೇ ತಲುಪುತ್ತದೆ ಎಂದು ಬರೆದರು. ಅದಾದ ಮೇಲೆ ಮರೆತಿಲ್ಲ. ‘ನ’ ಮೆತ್ತಗೆ ಮಾಡುವುದು ತನ್ನ ಪಕ್ಕದ ಗ್ವ್ರಾ ಪದವನ್ನು ಮಾತ್ರ. ಅದರಾಚೆ ಇರುವ ಮಿರೆಸ್ ಮಿರೆಸ್ಸಾಗಿಯೇ ಇರುತ್ತದೆ.

ಕಾರ್ನಿಷ್‌ನಲ್ಲಿ ಯೇಸುವಿನ ಪ್ರಾರ್ಥನೆ ಸಿಕ್ಕರೆ ಒಮ್ಮೆ ಓದಿ. ‘ರೋ ದಿನ್’ (ನಮಗೆ ಕೊಡು), ‘ಗಾವ್ ದಿನ್’ (ನಮ್ಮನ್ನು ಕ್ಷಮಿಸು), ‘ನ ವ್ರಾ’ (ಬೇಡ) ಮೂರೂ ಕೆಲವೇ ಸಾಲುಗಳಲ್ಲಿ ಸಿಗುತ್ತವೆ. ಯಾವ ಧರ್ಮದವರಾದರೂ ಅಭ್ಯಾಸಕ್ಕೆ ಒಳ್ಳೆಯ ತುಣುಕು.

ಹಂತ 7: ‘ಮಾಡೋಣ’

ಧಾತುವಿಗೆ ‘ಇನ್’ ಸೇರಿಸಿ. ಮಿರಿನ್! (ನೋಡೋಣ!), ಎವಿನ್! (ಕುಡಿಯೋಣ!). ಅ, ಔ ಇದ್ದ ಧಾತು ಇಲ್ಲೂ ಎ ಕಡೆಗೆ ವಾಲುತ್ತದೆ: ಕೆನಿನ್! (ಹಾಡೋಣ!), ಕೆವ್ಸಿನ್! (ಮಾತಾಡೋಣ!). ಧಾತು ಗೊತ್ತಿಲ್ಲದಿದ್ದರೆ ಮತ್ತೆ ‘ಮಾಡು’ ನೆರವಿಗೆ ಬರುತ್ತದೆ: ‘ಗ್ವ್ರೇನ್ ಕಾನ’ ಅಂದರೂ ಹಾಡೋಣ.

ಎಲ್ಲಕ್ಕಿಂತ ಹೆಚ್ಚು ಕೆಲಸಕ್ಕೆ ಬರುವುದು ‘ಡೇನ್’. ಬರೋಣ, ಹೋಗೋಣ ಎರಡಕ್ಕೂ ಇದೇ. ‘ಡೇನ್ ದೆನ್ ಟ್ರೇಥ್’ ಅಂದರೆ ಬೀಚಿಗೆ ಹೋಗೋಣ. ‘ಡೇನ್ ದೆನ್ ಡಿವೊಟ್ಟಿ’ ಅಂದರೆ ಪಬ್‌ಗೆ ಹೋಗೋಣ. ‘ಡೇನ್ ಅಲೆಮ್ಮ’ ಅಂದರೆ ಇಲ್ಲಿಂದ ಹೊರಡೋಣ.

ಇಂಗ್ಲಿಷಿನ ನೆರಳು ಬೀಳುವುದು ಇಲ್ಲೇ. ಇಂಗ್ಲಿಷಿನವರು ‘ಹಾಡೋಣ’ ಅನ್ನಲು ‘ನಮ್ಮನ್ನು ಬಿಡು’ ಎಂಬ ಪದಗಳನ್ನು ಜೋಡಿಸುತ್ತಾರೆ. ಅದೇ ಅಚ್ಚಿನಲ್ಲಿ ಕಾರ್ನಿಷ್‌ನಲ್ಲೂ ‘ಗೆಸೆವ್ಹ್ ನೀ ದೆ ಗಾನ’ ಎನ್ನುವವರು ಇದ್ದಾರೆ. ತಪ್ಪು ಎಂದು ಯಾರೂ ನಿಮ್ಮನ್ನು ತಡೆಯುವುದಿಲ್ಲ. ಆದರೆ ಪದಕ್ಕೆ ಪದ ಅದರ ಅರ್ಥ ‘ನಮಗೆ ಹಾಡಲು ಬಿಡಿ’. ಯಾರೋ ಬಾಯಿ ಮುಚ್ಚಿಸಿದಾಗ ಹೇಳುವ ಮಾತು. ನಿಮ್ಮ ಮನಸ್ಸಿನಲ್ಲಿ ಇರುವುದು ಬರೀ ‘ಹಾಡೋಣ’ ಆಗಿದ್ದರೆ ಕೆನಿನ್ ಅನ್ನಿ. ಒಂದು ಪದಕ್ಕೆ ಒಂದು ಪದ.

ಇನ್ನೊಂದು ಗೊಂದಲ: ‘ನಾವು ನೋಡುತ್ತೇವೆ’ ಎಂಬ ರೂಪವೂ ‘ಮಿರಿನ್’ ಎಂದೇ ಕಾಣುತ್ತದೆ. ಆದರೆ ಅಂಥ ವಾಕ್ಯದಲ್ಲಿ ಕ್ರಿಯಾಪದದ ಹಿಂದೆ ಒಂದು ಸಣ್ಣ ಪದ ಇರುತ್ತದೆ. ಯಾವ ಸಣ್ಣ ಪದವೂ ಇಲ್ಲದೆ ಮಿರಿನ್ ಎಂದೇ ವಾಕ್ಯ ಶುರುವಾದರೆ ಅದು ‘ನೋಡೋಣ’.

‘ನೋಡಲಿ’ ಅನ್ನಲು ಎಸ್, ‘ಅವರು ನೋಡಲಿ’ ಅನ್ನಲು ಎನ್ಸ್ ಸೇರುತ್ತದೆ: ಮಿರೆಸ್, ಮಿರೆನ್ಸ್. ಓದುವಾಗ ಸಿಗುತ್ತವೆ, ಮಾತಿನಲ್ಲಿ ಅಷ್ಟಾಗಿ ಬೇಕಾಗುವುದಿಲ್ಲ. ಗುರುತು ಹಿಡಿದರೆ ಸಾಕು.

ಹಂತ 8: ಅಪ್ಪಣೆಯ ಮೊನಚು ಕಡಿಮೆ ಮಾಡುವುದು

ಮೊದಲನೆಯದು ‘ಮಾರ್ ಪ್ಲೇಗ್’. ಪದಶಃ ‘ಹಿಡಿಸಿದರೆ’, ಬಳಕೆಯಲ್ಲಿ ದಯವಿಟ್ಟು. ‘ಎಸೆದೆವ್ಹ್, ಮಾರ್ ಪ್ಲೇಗ್.’ ವಾಕ್ಯದ ಕೊನೆಗೆ ಇಟ್ಟರೆ ಕಿವಿಗೆ ಹಿತ. ನಾವು ಕನ್ನಡದಲ್ಲಿ ಮಾತುಮಾತಿಗೂ ದಯವಿಟ್ಟು ಅನ್ನುವುದಿಲ್ಲ, ‘ಸ್ವಲ್ಪ’ ಅನ್ನುವುದರಲ್ಲೇ ವಿನಯ ಇರುತ್ತದೆ. ಅಲ್ಲಿ ಮಾರ್ ಪ್ಲೇಗ್ ಧಾರಾಳವಾಗಿ ಬಳಸಿ.

ಎರಡನೆಯದು, ಅಪ್ಪಣೆಯನ್ನು ಪ್ರಶ್ನೆ ಮಾಡುವುದು. ‘ಅ ವಿನ್‌ಟ ಎವ ಕೊಫಿ?’ ಅಂದರೆ ಕಾಫಿ ಕುಡೀತೀಯಾ? ನೀವು ಎನ್ನುವವರಿಗೆ ‘ಅ ವಿನ್ನೋಹ್ ಹ್ವೀ ಎವ ಕೊಫಿ?’ ಇನ್ನೂ ಮೆತ್ತಗೆ ಬೇಕೆಂದರೆ ‘ಅ ಗಾರ್ಸೆಸ್ ಡೋಸ್?’, ಅಂದರೆ ಬರೋಕೆ ಇಷ್ಟಾನಾ? ಈ ‘ಅ’ ಕೂಡ ಮೃದು ಮಾರ್ಪಾಡು ಮಾಡುವ ಪದ. ಮಿನ್ ಇದ್ದದ್ದು ವಿನ್, ಕಾರ್ಸೆಸ್ ಇದ್ದದ್ದು ಗಾರ್ಸೆಸ್ ಆಗಿದೆ.

ಉತ್ತರ ಕೊಡುವಾಗ ಹೌದು, ಇಲ್ಲ ಎಂಬ ಒಂಟಿ ಪದ ಹುಡುಕಬೇಡಿ. ಕ್ರಿಯಾಪದವನ್ನೇ ತಿರುಗಿಸಿ ಹೇಳಬೇಕು. ‘ಮಿನ್ನಾವ್’ ಅಂದರೆ ಹೂಂ, ಬೇಕು. ‘ನ ವಿನ್ನಾವ್’ ಅಂದರೆ ಬೇಡ. ‘ಕುಡೀತೀಯಾ?’ ಅಂದರೆ ‘ಕುಡೀತೀನಿ’ ಅನ್ನುತ್ತೇವಲ್ಲ, ಹಾಗೆ.

ಮೂರನೆಯದು ಬುದ್ಧಿಮಾತು. ಇಲ್ಲಿ ದೀಸ್ (ನಿನಗೆ), ದಿವ್ಹ್ (ನಿಮಗೆ) ಬೇಕು.

‘ರೇಸ್ ಯೂ ದೀಸ್ ಮೋಸ್’: ನೀನು ಹೋಗಲೇಬೇಕು.
‘ಇ ಟಾಲ್ ದೀಸ್ ಮೋಸ್’: ನೀನು ಹೋಗುವುದು ಒಳ್ಳೆಯದು, ಹೋಗಬೇಕಾದದ್ದೇ.
‘ಗ್ವೆಲ್ ವೀಯ ದೀಸ್ ಮೋಸ್’: ಹೋದರೆ ನಿನಗೇ ವಾಸಿ.

ಮೊದಲನೆಯದರಲ್ಲಿ ಬಿಗಿ ಜಾಸ್ತಿ, ಕೊನೆಯದರಲ್ಲಿ ಕಡಿಮೆ. ಗೆಳೆಯರಿಗೆ ಸಲಹೆ ಕೊಡುವಾಗ ಕೊನೆಯದೇ ಚೆನ್ನ. ಇಲ್ಲ ಎನ್ನುವಾಗ ಮಾತ್ರ ಹುಷಾರು. ‘ನಿನ್ಸ್ ಯೂ ರೇಸ್ ದೀಸ್ ಮೋಸ್’ ಅಂದರೆ ಹೋಗಬೇಕಾಗಿಲ್ಲ, ಬಲವಂತವಿಲ್ಲ. ‘ನಿ ಡಾಲ್ ದೀಸ್ ಮೋಸ್’ ಅಂದರೆ ಹೋಗಬಾರದು. ಒಂದನ್ನು ಹೇಳಲು ಹೋಗಿ ಇನ್ನೊಂದನ್ನು ಹೇಳಿದರೆ ಕೇಳಿದವರು ಪೂರ್ತಿ ಬೇರೆಯೇ ಅರ್ಥ ಮಾಡಿಕೊಳ್ಳುತ್ತಾರೆ.

ಹಂತ 9: ಹಳೆಯ ಕಥೆಯ ಎರಡು ಬುದ್ಧಿಮಾತು

1707ರಲ್ಲಿ ಎಡ್ವರ್ಡ್ ಲ್ಹುಯಿಡ್ ಎಂಬ ವೆಲ್ಷ್ ವಿದ್ವಾಂಸ ಒಂದು ಕಾರ್ನಿಷ್ ಜನಪದ ಕಥೆಯನ್ನು ಅಚ್ಚು ಮಾಡಿಸಿದ. ಕಥಾನಾಯಕ ಜೊವನ್ ಊರು ಬಿಟ್ಟು ದುಡಿಯಲು ಹೋಗುತ್ತಾನೆ. ಯಜಮಾನ ಒಂದೊಂದು ವರ್ಷದ ಸಂಬಳಕ್ಕೆ ಬದಲಾಗಿ ಒಂದೊಂದು ಬುದ್ಧಿಮಾತು ಕೊಡುತ್ತಾನೆ. ಒಟ್ಟು ಮೂರು. ಅವುಗಳಲ್ಲಿ ಒಂದು, ಇಂದಿನ ಕಾಗುಣಿತಕ್ಕೆ ತಂದರೆ ಹೀಗಿದೆ:

‘ಕೆಮ್ಮೆರ್ ವೀಥ್ ನ ವ್ರಿಲ್ಲಿ ಗಾಸ ಅನ್ ಫೋರ್ದ್ ಗೋಥ್ ರಾಗ್ ಅನ್ ಫೋರ್ದ್ ನೊವಿದ್.’

ಹೊಸ ದಾರಿಗಾಗಿ ಹಳೆಯ ದಾರಿ ಬಿಟ್ಟೀಯ, ಜೋಪಾನ. ಬಿಡಿಸಿ ನೋಡಿ. ಕೆಮ್ಮೆರ್ ಹಂತ 4ರ ‘ತಗೊ’. ವೀಥ್ ಅಂದರೆ ಎಚ್ಚರ. ‘ಕೆಮ್ಮೆರ್ ವೀಥ್!’ ಎಂದಷ್ಟೇ ಹೇಳಿದರೂ ‘ಹುಷಾರು!’ ಎಂದಾಗುತ್ತದೆ. ಗಾಸ ‘ಬಿಡುವುದು’. ವ್ರಿಲ್ಲಿ ಮಾತ್ರ ಹೊಸದು, ಅದು ಗೀಲ್‌ನ ಇನ್ನೊಂದು ರೂಪ, ಸದ್ಯಕ್ಕೆ ಬಿಟ್ಟುಬಿಡಿ. ಮೂರು ಶತಮಾನದ ಹಿಂದಿನ ವಾಕ್ಯ ಈಗಲೇ ಅರ್ಧಕ್ಕಿಂತ ಹೆಚ್ಚು ನಿಮ್ಮ ಕೈಗೆ ಬಂದಿದೆ.

ಇನ್ನೊಂದು: ‘ಬೆದೆಸ್ ಗ್ವೆಸ್ಕಿಸ್ ಡಿವ್‌ವೇಥ್ ಕಿನ್ಸ್ ಗ್ವೆಸ್ಕೆಲ್ ಉನ್‌ವೇಥ್.’ ಒಂದು ಸಲ ಹೊಡೆಯುವ ಮೊದಲು ಎರಡು ಸಲ ಹೊಡೆಸಿಕೊ. ದುಡುಕಬೇಡ ಅಂತ ಇದರ ತಾತ್ಪರ್ಯ. ವರ್ಷಗಳಾದ ಮೇಲೆ ರಾತ್ರಿ ಹೊತ್ತು ಮನೆಗೆ ಮರಳಿದ ಜೊವನ್‌ಗೆ ಹೆಂಡತಿಯ ಪಕ್ಕ ಹಾಸಿಗೆಯಲ್ಲಿ ಇನ್ನೊಬ್ಬರು ಮಲಗಿದಂತೆ ಕೇಳಿಸುತ್ತದೆ. ಕೈ ಚೂರಿಗೆ ಹೋಗುತ್ತದೆ. ಅಷ್ಟರಲ್ಲಿ ಈ ಮಾತು ನೆನಪಾಗಿ ತಡೆಯುತ್ತಾನೆ. ಮಲಗಿದ್ದವನು ಅವನ ಮಗ.

ಅಭ್ಯಾಸ

ಕೆಳಗಿನ ಏಳು ಮಾತುಗಳನ್ನು ಕಾಗದದಲ್ಲಿ ಬರೆಯಿರಿ, ಆಮೇಲೆ ಉತ್ತರ ನೋಡಿ. ಎರಡು ತಪ್ಪಾದರೆ ಪರವಾಗಿಲ್ಲ. ಮೂರಕ್ಕಿಂತ ಹೆಚ್ಚು ತಪ್ಪಾದರೆ ಹಂತ 6ಕ್ಕೆ ವಾಪಸ್ ಹೋಗಿ.

1. ಇಲ್ಲಿ ಬಾ. 2. ದಯವಿಟ್ಟು ಕೇಳಿ (ಹಲವರಿಗೆ). 3. ಮರೀಬೇಡಿ. 4. ಬೀಚಿಗೆ ಹೋಗೋಣ. 5. ಹೆದರಬೇಡ. 6. ಕಾಫಿ ಕುಡೀತೀಯಾ? 7. ಕಾರ್ನಿಷ್‌ನಲ್ಲಿ ಮಾತಾಡೋಣ.

ಉತ್ತರ: 1. ಡೇಸ್ ಒಮ್ಮ. 2. ಗೊಸ್ಲೊವೆವ್ಹ್, ಮಾರ್ ಪ್ಲೇಗ್. 3. ನ ವ್ರೆವ್ಹ್ ಅನ್‌ಕೆವಿ. 4. ಡೇನ್ ದೆನ್ ಟ್ರೇಥ್. 5. ನ ಬೋರ್ಥ್ ಔನ್. 6. ಅ ವಿನ್‌ಟ ಎವ ಕೊಫಿ? 7. ಕೆವ್ಸಿನ್ ಕೆರ್ನೆವೆಕ್!